ಚೆಕ್ ಅಂದ್ರೆ ರಾಜ

(1)
ಕನ್ನಡದಲ್ಲಿ ಮೂರು ಸಲ ಬರೆದು ನೋಡಿ: ಚೆಕ್, ಚೆಕ್, ಚೆಕ್. ಮೊದಲನೇದು ಬ್ಯಾಂಕಿಗೆ ಹಾಕೋದು. ಎರಡನೇದು ಎಕ್ಸಾಂ ಹಾಲಿನ ಬಾಗಿಲಲ್ಲಿ ಜೇಬು ಮುಟ್ಟಿ ನೋಡ್ತಾರಲ್ಲ, ಅದು. ಮೂರನೇದು ಯುರೋಪಿನ ಒಂದು ದೇಶ, ರಾಜಧಾನಿ ಪ್ರಾಗ್. ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಬೇರೆ ಸ್ಪೆಲ್ಲಿಂಗ್ ಇದೆ. ನಮ್ಮ ಲಿಪಿ ಕಿವಿಗೆ ಕೇಳಿದ್ದನ್ನ ಹಾಗೇ ಇಳಿಸುತ್ತೆ, ಹಾಗಾಗಿ ಮೂರೂ ಒಂದೇ ಥರ ಕಾಣ್ತವೆ.

ದೇಶವನ್ನ ಈಗಲೇ ಪಕ್ಕಕ್ಕಿಡೋಣ. ಅದು ಅಲ್ಲಿನ ಸ್ಲಾವ್ ಜನ ತಮ್ಮನ್ನ ತಾವು ಕರೆದುಕೊಳ್ಳೋ ಹೆಸರು, ಇಂಗ್ಲಿಷಿಗೆ ಪೋಲಿಷ್ ಸ್ಪೆಲ್ಲಿಂಗ್ ಹಿಡಿದು ಬಂತು. ನಮ್ಮ ಕಥೆಗೂ ಅದಕ್ಕೂ ಸಂಬಂಧ ಇಲ್ಲ. ಉಳಿದ ಎರಡು ಮಾತ್ರ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು. ಅವುಗಳ ಜೊತೆಗೆ ಇನ್ನೂ ಒಂದು ಗುಂಪೇ ಇದೆ. ಚೆಕ್ಸ್ ಶರ್ಟ್, ಚೆಕ್‌ಪೋಸ್ಟ್, ಚೆಕ್ ಡ್ಯಾಂ, ಬಸ್ಸಿಗೆ ಹತ್ತೋ ಚೆಕಿಂಗ್‌ನೋರು, ಲಾಡ್ಜಿನ ಚೆಕ್ ಇನ್, ಚೆಸ್ಸಿನಲ್ಲಿ ಕೊಡೋ ಚೆಕ್, ಟಿವಿಯಲ್ಲಿ ಕೆಂಪು ಅಕ್ಷರದಲ್ಲಿ ಓಡೋ "ಬಂಡಾಯಕ್ಕೆ ಚೆಕ್". ಇಷ್ಟಕ್ಕೂ ಮೂಲ ಒಂದೇ, ಮತ್ತು ಆ ಮೂಲ ಇಂಗ್ಲಿಷ್ ಅಲ್ಲ. ಅದು ಪರ್ಷಿಯನ್ ಪದ 'ಶಾಹ್'. ಅರ್ಥ: ರಾಜ.

ಇವತ್ತಿನ ಕ್ಯಾಪ್ಷನ್ ಉದ್ದ ಇದೆ, ಐದು ಪೋಸ್ಟಿಗೆ ಹಂಚಿದೀನಿ. ರೀಲ್ಸ್ ಮಧ್ಯೆ ಓದೋ ಕಥೆ ಅಲ್ಲ ಇದು, ಕೂತು ಓದಿ.

(2)
ಆಟದಿಂದ ಶುರು ಮಾಡೋಣ. ಚದುರಂಗ ಅಂದ್ರೆ ಚತುರಂಗ, ಸೈನ್ಯದ ನಾಲ್ಕು ಅಂಗ: ಆನೆ, ಕುದುರೆ, ರಥ, ಕಾಲಾಳು. ಏಳನೇ ಶತಮಾನದಲ್ಲಿ ಬಾಣಭಟ್ಟ 'ಹರ್ಷಚರಿತ' ಬರೆಯೋ ಹೊತ್ತಿಗೆ ಈ ಆಟ ಎಷ್ಟು ಪರಿಚಿತ ಆಗಿತ್ತು ಅಂದ್ರೆ, ಅದರ ಮೇಲೆ ಶ್ಲೇಷೆ ಕಟ್ಟೋಷ್ಟು. ಉತ್ತರ ಭಾರತದಿಂದ ಅದು ಇರಾನಿಗೆ ಹೋಗಿ 'ಚತ್ರಂಗ್' ಆಯ್ತು. ಅರಬ್ಬರು ಏಳನೇ ಶತಮಾನದಲ್ಲಿ ಇರಾನ್ ಗೆದ್ದ ಮೇಲೆ 'ಶತ್ರಂಜ್' ಆಯ್ತು. ಸ್ಪೇನಿಗೆ ಹೋಗಿ 'ಅಹೆದ್ರೆಸ್' ಆಯ್ತು. ಈ ಕೊನೇದನ್ನ ಜೋರಾಗಿ ಎರಡು ಸಲ ಹೇಳಿ ನೋಡಿ, ಒಳಗೆ ಎಲ್ಲೋ ನಮ್ಮ ಚತುರಂಗ ಇದೆ.

ಆದ್ರೆ ಇಂಗ್ಲಿಷಿಗೆ ಬಂದಿದ್ದು ಆಟದ ಹೆಸರು ಅಲ್ಲ, ಆಟದ ಕೂಗು. ಎದುರಾಳಿಯ ರಾಜನಿಗೆ ಅಪಾಯ ಬಂದಾಗ ಪರ್ಷಿಯನ್ನರು "ಶಾಹ್!" ಅಂತ ಕೂಗಿ ಹೇಳ್ತಿದ್ರು. ಹೊಡೆಯೋ ಮುಂಚೆ ಎಚ್ಚರಿಸೋದು, ರಾಜ ಅಂದ್ಮೇಲೆ ಅಷ್ಟು ಮರ್ಯಾದೆ ಇರಬೇಕಲ್ಲ. ಬೇರೆ ಕಾಯಿ ಸತ್ರೆ ಯಾರೂ ಕೂಗಲ್ಲ. ರಾಜ ತಪ್ಪಿಸಿಕೊಳ್ಳೋಕೆ ಜಾಗ ಇಲ್ಲ ಅಂದಾಗ "ಶಾಹ್ ಮಾತ್". ಅರಬ್ಬಿಯಲ್ಲಿ 'ಮಾತ್' ಅಂದ್ರೆ ಸತ್ತ, ಹಾಗಾಗಿ "ರಾಜ ಸತ್ತ" ಅಂತ ಎಲ್ಲಾ ಕಡೆ ಬರೀತಾರೆ. ಪರ್ಷಿಯನ್ನಿನಲ್ಲಿ ಮಾತ್ ಅಂದ್ರೆ ದಿಕ್ಕೆಟ್ಟವನು, ಕೈಸೋತವನು. ನನಗೆ ಇದೇ ಸರಿ ಅನ್ಸುತ್ತೆ. ಚೆಸ್ಸಿನಲ್ಲಿ ರಾಜನನ್ನ ಯಾರೂ ಕೊಲ್ಲಲ್ಲ, ಬೋರ್ಡಿಂದ ಎತ್ತೋದೂ ಇಲ್ಲ. ಕೂತ ಜಾಗದಲ್ಲೇ ಅವನ ಆಟ ಮುಗಿಯುತ್ತೆ, ಅಷ್ಟೇ.

ಶಾಹ್ ಅನ್ನೋದರ ಕೊನೆಯ ಹಕಾರ ಲ್ಯಾಟಿನ್ ಬಾಯಲ್ಲಿ ಕಕಾರ ಆಯ್ತು: 'ಸ್ಕಾಕುಸ್'. ಹಳೆ ಫ್ರೆಂಚಿನಲ್ಲಿ 'ಎಶೆಕ್'. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅವರ ಫ್ರೆಂಚ್ ಅಲ್ಲಿನ ಅರಮನೆಯ ಭಾಷೆ ಆಯ್ತು, ಈ ಪದವೂ ಸಮುದ್ರ ದಾಟ್ತು. ಫ್ರೆಂಚ್ ಏಕವಚನದಿಂದ ಇಂಗ್ಲಿಷಿನ ಚೆಕ್, ಬಹುವಚನದಿಂದ ಚೆಸ್. ಅಂದ್ರೆ ಚೆಸ್ ಅನ್ನೋ ಆಟದ ಹೆಸರಿನ ಅರ್ಥ "ರಾಜರು".

ಈಗ ಒಂದು ಮಜಾ ವಿಷಯ. ಶಾಹ್ ಅನ್ನೋದು ಹಳೆ ಪರ್ಷಿಯನ್ನಿನ ಒಂದು ಉದ್ದ ಪದ ಸವೆದು ಸವೆದು ಉಳಿದ ತುಂಡು. ಅದರ ಬೇರೂ ಸಂಸ್ಕೃತದ 'ಕ್ಷತ್ರ'ದ ಬೇರೂ ಒಂದೇ, ಆಳ್ವಿಕೆ ಅನ್ನೋ ಅರ್ಥದ್ದು. ಹಾಗಾಗಿ ಕ್ಷತ್ರಿಯ ಮತ್ತು ಚೆಕ್ ದಾಯಾದಿಗಳು. ಬಿಜಾಪುರದ ಆದಿಲ್‌ಶಾಹಿಯ ಶಾಹಿ ಅದೇ ಮನೆಯದು. ನಮ್ಮ ಉತ್ತರ ಕರ್ನಾಟಕದ ಮಂದಿ ಊರಿಗೆ ಹೋಗೋದನ್ನ "ಶಹರಕ್ಕ ಹೊಂಟೇನಿ" ಅಂತಾರಲ್ಲ, ಆ ಶಹರ ಕೂಡ: ಮೊದಲು ಅದರ ಅರ್ಥ ರಾಜ್ಯ ಅಂತಿತ್ತು, ಆಮೇಲೆ ಪಟ್ಟಣ ಆಯ್ತು. ಆದ್ರೆ ಶಹಬ್ಬಾಸ್ ಅನ್ನೋದನ್ನ ಈ ಗುಂಪಿಗೆ ಸೇರಿಸಬೇಡಿ. ಅದು ಪರ್ಷಿಯನ್ನಿನ 'ಶಾದ್ ಬಾಶ್', ಸಂತೋಷವಾಗಿರು ಅಂತ. ರಾಜನಿಗೂ ಅದಕ್ಕೂ ಏನೂ ಇಲ್ಲ.

(3)
ಕೂಗಾಗಿದ್ದ ಪದ ದುಡ್ಡಿಗೆ ಹೇಗೆ ಅಂಟಿಕೊಳ್ತು? ಈ ಸರಣಿಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು.

ಹನ್ನೆರಡನೇ ಶತಮಾನದ ಇಂಗ್ಲೆಂಡ್. ರಾಜ ಮೊದಲನೇ ಹೆನ್ರಿ. ಪ್ರತಿ ಜಿಲ್ಲೆಗೆ ಒಬ್ಬ ಶೆರಿಫ್, ನಮ್ಮ ಅಮಲ್ದಾರರ ಥರ ಅಂದ್ಕೊಳ್ಳಿ: ಕಂದಾಯ ಎತ್ತಿ ರಾಜನಿಗೆ ಮುಟ್ಟಿಸೋದು ಅವನ ಕೆಲಸ. ವರ್ಷಕ್ಕೆ ಎರಡು ಸಲ, ಈಸ್ಟರ್ ಹೊತ್ತಿಗೆ ಒಂದು ಸಲ, ಸೆಪ್ಟೆಂಬರ್ ಕೊನೆಯ ಮೈಕೆಲ್ಮಸ್ ಹಬ್ಬಕ್ಕೆ ಒಂದು ಸಲ, ಅವನು ಬಂದು ಲೆಕ್ಕ ಒಪ್ಪಿಸಬೇಕು. ಸಮಸ್ಯೆ ಏನಂದ್ರೆ ಲೆಕ್ಕ ಬರೀತಿದ್ದದ್ದು ರೋಮನ್ ಅಂಕಿಗಳಲ್ಲಿ. ಎಕ್ಸ್, ವಿ, ಐ ಇಟ್ಕೊಂಡು ಕಳೆಯೋ ಲೆಕ್ಕ ಮಾಡಿ ನೋಡಿ, ತಲೆ ಕೆಡುತ್ತೆ. ಸೊನ್ನೆ ಇನ್ನೂ ಅವರ ಕಚೇರಿಗೆ ಬಂದಿರಲಿಲ್ಲ. ಮೇಲಾಗಿ ಎಷ್ಟೋ ಶೆರಿಫ್‌ಗಳಿಗೆ ಓದೋಕೂ ಬರ್ತಿರಲಿಲ್ಲ.

ಅದಕ್ಕೆ ಅವರು ಮಾಡಿದ ಉಪಾಯ ಒಂದು ಮೇಜು. ಹತ್ತು ಅಡಿ ಉದ್ದ, ಐದು ಅಡಿ ಅಗಲ. ಬಿಲ್ಲೆ ಉರುಳಿ ಬೀಳದ ಹಾಗೆ ಸುತ್ತ ನಾಲ್ಕು ಬೆರಳು ಎತ್ತರದ ಅಂಚು. ಮೇಲೆ ಕಪ್ಪು ಬಟ್ಟೆ, ಬಟ್ಟೆ ಮೇಲೆ ಗೆರೆಗಳು. ಒಂದು ಸಾಲು ಪೆನ್ನಿಗೆ, ಅದರ ಪಕ್ಕದ್ದು ಶಿಲ್ಲಿಂಗಿಗೆ, ಆಮೇಲೆ ಪೌಂಡ್, ಇಪ್ಪತ್ತು ಪೌಂಡ್, ನೂರು, ಸಾವಿರ, ಹತ್ತು ಸಾವಿರ. ಗುಮಾಸ್ತ ಬಿಲ್ಲೆ ಇಡ್ತಾ ಹೋಗ್ತಾನೆ. ಮೇಲಿನ ಸಾಲಲ್ಲಿ ಶೆರಿಫ್ ಕಟ್ಟಬೇಕಾದ್ದು, ಕೆಳಗಿನ ಸಾಲಲ್ಲಿ ಕಟ್ಟಿದ್ದು. ಎರಡರಿಂದಲೂ ಸಮ ಸಮ ಬಿಲ್ಲೆ ಎತ್ತುತ್ತಾ ಬಂದ್ರೆ ಕೊನೆಗೆ ಉಳಿಯೋದೇ ಬಾಕಿ. ಯಾವ ಮನೆ ಖಾಲಿಯೋ ಅದು ಸೊನ್ನೆ. ಸೊನ್ನೆ ಗೊತ್ತಿಲ್ಲದೇ ಸೊನ್ನೆ ಬಳಸ್ತಿದ್ರು ಅನ್ನಬಹುದು.

ಗೆರೆ ಎಳೆದ ಆ ಬಟ್ಟೆ ನೋಡೋಕೆ ಚದುರಂಗದ ಹಾಸು ಇದ್ದ ಹಾಗೆ ಇತ್ತು. ಅದಕ್ಕೇ ಆ ಮೇಜಿಗೆ ಲ್ಯಾಟಿನ್‌ನಲ್ಲಿ 'ಸ್ಕಾಕಾರಿಯುಂ', ಚದುರಂಗದ ಹಲಗೆ ಅಂತ ಹೆಸರು ಬಿತ್ತು. ಇಂಗ್ಲಿಷಿನಲ್ಲಿ ಎಕ್ಸ್‌ಚೆಕರ್. ಮೇಜಿನ ಹೆಸರು ಕಚೇರಿಗೆ ಬಂತು, ಕಚೇರಿಯ ಹೆಸರು ಇಡೀ ರಾಜ್ಯದ ಬೊಕ್ಕಸಕ್ಕೆ ಬಂತು. ಬ್ರಿಟನ್ನಿನ ಹಣಕಾಸು ಮಂತ್ರಿಯನ್ನ ಇವತ್ತಿಗೂ ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್ ಅಂತಾರೆ. ಅಕ್ಷರಶಃ ಹೇಳಿದ್ರೆ ಚದುರಂಗದ ಹಲಗೆಯ ಮಂತ್ರಿ.

ಇಷ್ಟು ವಿವರ ನಮಗೆ ಗೊತ್ತಿರೋದು ರಿಚರ್ಡ್ ಫಿಟ್ಸ್‌ನೀಲ್ ಅನ್ನೋ ಖಜಾಂಚಿಯಿಂದ. ಸುಮಾರು 1177ರಲ್ಲಿ ಅವನು ಈ ಕಚೇರಿಯ ಕೆಲಸದ ಬಗ್ಗೆ ಗುರು ಶಿಷ್ಯರ ಸಂವಾದದ ರೂಪದಲ್ಲಿ ಒಂದು ಪುಸ್ತಕ ಬರೆಯೋಕೆ ಶುರು ಮಾಡಿದ. ಹೆಸರು ಹೇಗೆ ಬಂತು ಅನ್ನೋದಕ್ಕೆ ಅವನು ಎರಡು ಕಾರಣ ಕೊಡ್ತಾನೆ. ಒಂದು ಮೇಜಿನ ಆಕಾರ. ಇನ್ನೊಂದು: ಚದುರಂಗದಲ್ಲಿ ರಾಜರು ಎದುರುಬದುರು ಕೂತ ಹಾಗೆ ಇಲ್ಲಿ ಖಜಾಂಚಿ ಮತ್ತು ಶೆರಿಫ್ ಮಧ್ಯೆ ಯುದ್ಧ ನಡೆಯುತ್ತೆ, ಸುತ್ತ ಕೂತವರು ತೀರ್ಪುಗಾರರು. ಈ ಯುದ್ಧ ಬರೀ ಉಪಮೆ ಅಲ್ಲ. ಬಾಕಿ ಕಟ್ಟದ ಶೆರಿಫ್ ಮನೆಗೆ ಹೋಗೋ ಹಾಗಿರಲಿಲ್ಲ, ಬಂಧನ.

ಪದ ಇಲ್ಲಿ ಪಕ್ಷ ಬದಲಾಯಿಸ್ತು ನೋಡಿ. ಹಲಗೆ ಮೇಲೆ 'ಶಾಹ್' ಅನ್ನೋದು ರಾಜನ ಕಡೆಗೆ ತಿರುಗಿದ ಬೆರಳು. ಈ ಮೇಜಿನ ಮೇಲೆ ಅದು ರಾಜ ತನ್ನ ನೌಕರನ ಕಡೆಗೆ, ನೌಕರನ ಮೂಲಕ ಉಳುವವನ ಕಡೆಗೆ ತಿರುಗಿಸಿದ ಬೆರಳು. ಶೆರಿಫ್ ಬಾಕಿ ತೀರಿಸೋಕೆ ಯಾರ ಮೇಲೆ ಬೀಳ್ತಿದ್ದ ಅಂತ ಊಹಿಸೋದು ಕಷ್ಟ ಅಲ್ಲ.

ಅಂದಹಾಗೆ, ಈ ಎಕ್ಸ್‌ಚೆಕರಿನ ಉಳಿದಿರೋ ಅತ್ಯಂತ ಹಳೆಯ ಲೆಕ್ಕದ ಸುರುಳಿ 1130ರದು. ಸರಿಸುಮಾರು ಅದೇ ಹೊತ್ತಿಗೆ ನಮ್ಮ ಕಲ್ಯಾಣದಲ್ಲಿ, ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯರ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಬರೆಸ್ತಿದ್ದ. ಅಡುಗೆಯಿಂದ ಆನೆ ಪಳಗಿಸೋ ತನಕ ಎಲ್ಲಾ ಇರೋ ಆ ಸಂಸ್ಕೃತ ಗ್ರಂಥದಲ್ಲಿ ಚದುರಂಗ ಆಡೋ ಬಗೆಯೂ ಇದೆ. ಒಂದೇ ಆಟ: ಒಂದು ಅರಮನೆಯಲ್ಲಿ ವಿನೋದ, ಇನ್ನೊಂದು ಅರಮನೆಯಲ್ಲಿ ಕಂದಾಯ ವಸೂಲಿ.

(4)
ಶೆರಿಫ್ ಮಹಾಶಯ ದುಡ್ಡು ಕಟ್ಟಿದ. ರಸೀದಿ? ಕಾಗದ ಇಲ್ಲ, ಒಂದು ಕಡ್ಡಿ ಕೊಡ್ತಿದ್ರು. ಹೇಜಲ್ ಮರದ ಕಡ್ಡಿ, ಅದರ ಮೇಲೆ ಮೊತ್ತಕ್ಕೆ ತಕ್ಕ ಕಚ್ಚು. ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನದು, ಇಪ್ಪತ್ತಕ್ಕೆ ಕಿರುಬೆರಳಿನದು, ಒಂದು ಪೌಂಡಿಗೆ ಬಲಿತ ಬಾರ್ಲಿ ಕಾಳಿನಷ್ಟು. ಆಮೇಲೆ ಕಡ್ಡಿಯನ್ನ ಉದ್ದಕ್ಕೆ ಸೀಳಿ ಒಂದು ಭಾಗ ಕಟ್ಟಿದವನಿಗೆ, ಇನ್ನೊಂದು ಕಚೇರಿಗೆ. ಎರಡನ್ನೂ ಜೋಡಿಸಿದ್ರೆ ಕಚ್ಚು ಕೂಡಬೇಕು, ಮರದ ಎಳೆಯೂ ಕೂಡಬೇಕು. ಮೋಸ ಮಾಡೋಕೆ ಆಗಲ್ಲ, ಒಂದೇ ಥರ ಎಳೆ ಇರೋ ಎರಡು ಮರ ಎಲ್ಲಿ ಸಿಗ್ತವೆ? ನಮ್ಮ ಓಟಿಪಿಗಿಂತ ಭದ್ರ ಅಂತ ನನ್ನ ಅಭಿಪ್ರಾಯ, ಕಂಪ್ಯೂಟರ್ ಸೈನ್ಸ್‌ನೋರು ಜಗಳಕ್ಕೆ ಬನ್ನಿ.

ಈ ಎರಡು ಭಾಗಗಳ ಹೆಸರು ಸ್ಟಾಕ್ ಮತ್ತು ಫಾಯಿಲ್. ಬ್ಯಾಂಕಲ್ಲಿ ಚಲನ್ ತುಂಬಿದ ಮೇಲೆ ಸೀಲ್ ಹಾಕಿ ಹರಿದು ಕೊಡೋ ತುಂಡನ್ನ ಕೌಂಟರ್‌ಫಾಯಿಲ್ ಅಂತೀವಲ್ಲ, ಆ ಫಾಯಿಲ್ ಇದರ ನೆನಪು.

ಕಡ್ಡಿಗಳು ಏಳು ಶತಮಾನ ಬದುಕಿದ್ವು. ನಿಲ್ಲಿಸಬೇಕು ಅಂತ ಕಾನೂನು 1782ರಲ್ಲೇ ಆದ್ರೂ ಜಾರಿಗೆ ಬಂದಿದ್ದು 1826ರಲ್ಲಿ. ಸರ್ಕಾರಿ ಕೆಲಸ ಎಲ್ಲಾ ದೇಶದಲ್ಲೂ ಒಂದೇ ವೇಗ. ಹಳೆ ಕಡ್ಡಿಗಳ ರಾಶಿ ಉಳಿದಿತ್ತು. 1834ರ ಅಕ್ಟೋಬರ್ 16ರಂದು ಅವನ್ನ ಪಾರ್ಲಿಮೆಂಟ್ ಕಟ್ಟಡದ ಒಲೆಗಳಲ್ಲೇ ಹಾಕಿ ಸುಟ್ಟರು. ಬಡವರ ಮನೆಗೆ ಸೌದೆಯಾಗಿ ಕೊಡಬಹುದಿತ್ತು, ಯಾರಿಗೂ ಹೊಳೀಲಿಲ್ಲ. ಒಲೆ ಅತಿಯಾಗಿ ಕಾದು, ಹೊಗೆಕೊಳವೆ ಹತ್ತಿ, ರಾತ್ರಿಯೊಳಗೆ ಲಂಡನ್ನಿನ ಪಾರ್ಲಿಮೆಂಟ್ ಬಹುಪಾಲು ಬೂದಿ. ಟರ್ನರ್ ಅನ್ನೋ ಕಲಾವಿದ ಆ ಬೆಂಕಿಯನ್ನ ಬಿಡಿಸಿದ ಚಿತ್ರಗಳು ಈಗಲೂ ಇವೆ, ಹುಡುಕಿ ನೋಡಿ. ಇವತ್ತು ಫೋಟೋಗಳಲ್ಲಿ ನೋಡೋ ಬಿಗ್ ಬೆನ್ ಗಡಿಯಾರದ ಕಟ್ಟಡ ಆಮೇಲೆ ಕಟ್ಟಿದ್ದು.

ಅಷ್ಟೊತ್ತಿಗೆ ಚೆಕ್ ಅನ್ನೋ ಪದ ಇನ್ನೊಂದು ದಾರಿಯಲ್ಲೂ ನಡೆದಿತ್ತು. ಚೆಸ್ಸಿನಲ್ಲಿ ಚೆಕ್ ಬಿದ್ದಾಗ ಬೇರೆ ಎಲ್ಲಾ ಯೋಚನೆ ಬಿಟ್ಟು ನಿಲ್ಲಬೇಕು. ಹಾಗಾಗಿ ಅದಕ್ಕೆ ತಡೆ ಅನ್ನೋ ಅರ್ಥ ಬಂತು. ತಡೆದು ನಿಲ್ಲಿಸಿದ ಮೇಲೆ ಏನ್ ಮಾಡ್ತಾರೆ? ನೋಡ್ತಾರೆ, ತಾಳೆ ಹಾಕ್ತಾರೆ. ಹಾಗೆ ಪರೀಕ್ಷಿಸು ಅನ್ನೋ ಅರ್ಥ. ಹಳ್ಳಕ್ಕೆ ಅಡ್ಡ ಕಟ್ಟೋ ಚೆಕ್ ಡ್ಯಾಂನಲ್ಲಿ ಇರೋದು ಮೊದಲನೇ ಅರ್ಥ: ಓಡೋ ನೀರನ್ನ ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸೋದು. ಬಸ್ ಚೆಕಿಂಗ್‌ನಲ್ಲಿ ಎರಡನೇದು. ಚೆಕ್‌ಪೋಸ್ಟಿನಲ್ಲಿ ಎರಡೂ.

ಹದಿನೆಂಟನೇ ಶತಮಾನದ ಬ್ಯಾಂಕುಗಳಲ್ಲಿ ಖೋಟಾ ಪತ್ರ ಹಿಡಿಯೋಕೆ ಇಟ್ಕೊಳ್ತಿದ್ದ ಪ್ರತಿತುಂಡಿಗೆ ಚೆಕ್ ಅಂತ ಹೆಸರಾಯ್ತು, ತಾಳೆ ನೋಡೋದಕ್ಕೆ ಅಂತ. ನಿಧಾನವಾಗಿ ಆ ಹೆಸರು ಪ್ರತಿತುಂಡಿನಿಂದ ಪೂರ್ತಿ ಹಾಳೆಗೆ ಹರಡಿತು. ಇಂಗ್ಲಿಷರು ಎಕ್ಸ್‌ಚೆಕರಿನ ಗತ್ತು ನೋಡಿ ಸ್ಪೆಲ್ಲಿಂಗನ್ನ ಬದಲಾಯಿಸಿಕೊಂಡ್ರು. ಅಮೆರಿಕದವರು ಅದನ್ನ ಮಾಡಲಿಲ್ಲ, ಅವರಿಗೆ ಪರೀಕ್ಷೆ, ಬ್ಯಾಂಕಿನ ಹಾಳೆ ಎರಡಕ್ಕೂ ಒಂದೇ ಸ್ಪೆಲ್ಲಿಂಗ್. ಕನ್ನಡವೂ ಅಮೆರಿಕದ ಪಕ್ಷ.

ಬಟ್ಟೆಯ ಕಥೆ ಚಿಕ್ಕದು. ಚೌಕ ಚೌಕ ಕಂಡ್ರೆ ಚದುರಂಗದ ಹಲಗೆ ನೆನಪಾಗೋದು ಸಹಜ, ಅದಕ್ಕೇ ಚೆಕ್ಸ್. ನಮ್ಮಲ್ಲಿ ಚೌಕಳಿ ಅನ್ನೋ ಒಳ್ಳೇ ಪದ ಇದೆ, ಅಂಗಡಿಯಲ್ಲಿ ಒಂದ್ಸಲ ಬಳಸಿ ನೋಡಿ. ಪೋರ್ಚುಗೀಸರಲ್ಲಿ ಚೆಸ್ಸಿಗೂ ಚೌಕಳಿ ಬಟ್ಟೆಗೂ ಒಂದೇ ಪದ, ಅದೇ ಪದ ಆಡುಮಾತಲ್ಲಿ ಜೈಲಿಗೂ. ಕಿಟಕಿಯ ಕಂಬಿ ಚೌಕ ಚೌಕ ಇರುತ್ತಲ್ಲ.

(5)
ರಾಜ ಬೇರೆಯವರ ಮೇಲೆ ಇಟ್ಟಿದ್ದ ಚೆಕ್ ವಾಪಸ್ ರಾಜನ ಕಡೆ ತಿರುಗಿದ್ದು ಹದಿನೇಳು, ಹದಿನೆಂಟನೇ ಶತಮಾನದಲ್ಲಿ. 1689ರ ಹಕ್ಕುಗಳ ಮಸೂದೆ ಆದ ಮೇಲೆ ಇಂಗ್ಲೆಂಡಿನ ರಾಜ ಪಾರ್ಲಿಮೆಂಟ್ ಒಪ್ಪಿಗೆ ಇಲ್ಲದೇ ತೆರಿಗೆ ಹಾಕೋ ಹಾಗಿರಲಿಲ್ಲ. 1748ರಲ್ಲಿ ಫ್ರಾನ್ಸಿನ ಮಾಂಟೆಸ್ಕ್ಯೂ, ಅಧಿಕಾರವನ್ನ ತಡೆಯೋಕೆ ಇನ್ನೊಂದು ಅಧಿಕಾರವೇ ಬೇಕು ಅಂತ ವಾದಿಸಿದ. 1787ರಲ್ಲಿ ಅಮೆರಿಕದವರು ಅದನ್ನೇ ಸಂವಿಧಾನ ಮಾಡಿಕೊಂಡ್ರು. ಪೊಲಿಟಿಕಲ್ ಸೈನ್ಸ್ ನೋಟ್ಸಿನಲ್ಲಿ ನಾವು ಉರು ಹೊಡೆಯೋ "ಚೆಕ್ಸ್ ಅಂಡ್ ಬ್ಯಾಲೆನ್ಸಸ್" ಇದೇ. ಐದು ಮಾರ್ಕಿಗೆ ಬರುತ್ತೆ ಅಂತ ಓದ್ತೀವಿ, ಒಳಗೆ "ಶಾಹ್, ಹುಷಾರು!" ಅನ್ನೋ ಹಳೆ ಕೂಗು ಇದೆ ಅಂತ ಯಾರೂ ಹೇಳಿಕೊಡಲ್ಲ.

ನಮ್ಮ ಸಂವಿಧಾನದ 148ನೇ ವಿಧಿ ಸಿಎಜಿ ಬಗ್ಗೆ. ಸರ್ಕಾರದ ಲೆಕ್ಕ ತಪಾಸಣೆ ಮಾಡೋರು. ಆ ಹುದ್ದೆಯ ಮೊದಲ ಪದ 'ಕಂಪ್ಟ್ರೋಲರ್' ಅಂತ ಓದಬೇಡಿ, 'ಕಂಟ್ರೋಲರ್' ಅಂತಲೇ. ಸ್ಪೆಲ್ಲಿಂಗಿನ ನಡುವೆ ಇರೋ ಅಕ್ಷರಗಳು ಯಾವನೋ ಗುಮಾಸ್ತ ಲೆಕ್ಕ ಅನ್ನೋ ಅರ್ಥದ ಫ್ರೆಂಚ್ ಪದ ನೆನೆಸಿಕೊಂಡು ಸೇರಿಸಿದ್ದು. ಕಂಟ್ರೋಲ್ ಅಂದ್ರೆ ಮೂಲದಲ್ಲಿ 'ಪ್ರತಿ ಸುರುಳಿ', ಅಂದ್ರೆ ತಾಳೆ ನೋಡೋಕೆ ಇಟ್ಟ ಎರಡನೇ ಲೆಕ್ಕದ ಪುಸ್ತಕ. ಕಡ್ಡಿಯ ಇನ್ನೊಂದು ಸೀಳು ಇದ್ದ ಹಾಗೆ. ಒಂದೇ ಪುಸ್ತಕ ಇದ್ರೆ ಅದನ್ನ ಬರೆದವನು ಹೇಳಿದ್ದೇ ಸತ್ಯ. ಎರಡನೇದು ಬೇರೆಯವರ ಕೈಲಿ ಇರಬೇಕು, ಆಗಲೇ ಅದು ಚೆಕ್.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಥೆ ಈ ಪದದ ಎಲ್ಲಾ ಅರ್ಥಗಳನ್ನೂ ಒಂದೇ ಜೀವನದಲ್ಲಿ ಕಂಡಿದೆ. ಟಿಪ್ಪು ಸತ್ತ 1799ರಲ್ಲಿ ಐದು ವರ್ಷದ ಮಗುವಾಗಿದ್ದಾಗ ಅವರನ್ನ ಬ್ರಿಟಿಷರು ಸಿಂಹಾಸನದ ಮೇಲೆ ಕೂರಿಸಿದ್ರು. ಒಪ್ಪಂದದ ಪ್ರಕಾರ ಮೈಸೂರು ಕಂಪನಿಗೆ ವರ್ಷಕ್ಕೆ ಏಳು ಲಕ್ಷ ವರಹ ಕಟ್ಟಬೇಕು. ಕಂದಾಯದ ಒತ್ತಡ, ನಗರ ಸೀಮೆಯ ರೈತರ ದಂಗೆ, ಇದೆಲ್ಲಾ ಆಗಿ 1831ರಲ್ಲಿ ಕಂಪನಿ ಆಡಳಿತವನ್ನೇ ಕಿತ್ಕೊಳ್ತು. ಬೊಕ್ಕಸದ ಬೀಗ ಕಮಿಷನರ್ ಕೈಗೆ ಹೋಯ್ತು. ರಾಜ ಅರಮನೆಯಲ್ಲೇ ಇದ್ರು, ಪದವಿ ಇತ್ತು, ದಸರಾ ಇತ್ತು, ಆಳೋ ಅಧಿಕಾರ ಮಾತ್ರ ಇರಲಿಲ್ಲ. ಯಾರೂ ಕೊಲ್ಲಲಿಲ್ಲ, ಬೋರ್ಡಿಂದ ಎತ್ತಲೂ ಇಲ್ಲ. ಪರ್ಷಿಯನ್ ಮಾತ್ ಅಂದ್ರೆ ಇದೇ.

ಇದಕ್ಕೆ ರೈತರ ಕಡೆಯ ಮಾತೂ ಇದೆ, ದಂಗೆ ಎದ್ದವರು ಸುಮ್ಮನೆ ಎದ್ದಿರಲಿಲ್ಲ. ರಾಜರನ್ನ ಬರೀ ಪಾಪ ಅನ್ನೋಕೆ ನನಗೆ ಮನಸ್ಸಿಲ್ಲ.

ಆ ಮೂವತ್ತೇಳು ವರ್ಷ ಅವರು ಕವಿಗಳನ್ನ, ವಿದ್ವಾಂಸರನ್ನ ಸಾಕಿದ್ರು, 'ಶ್ರೀತತ್ತ್ವನಿಧಿ' ಆಯ್ತು. ಅದರ ಕೌತುಕನಿಧಿ ಅನ್ನೋ ಭಾಗದಲ್ಲಿ ಹಲಗೆ ಮೇಲೆ ಆಡೋ ಆಟಗಳಿವೆ. ಚದುರಂಗದ ಕುದುರೆ ಅಂದ್ರೆ ಅವರಿಗೆ ವಿಶೇಷ ಹುಚ್ಚು. ಕುದುರೆ ಅರವತ್ತನಾಲ್ಕು ಮನೆಗೂ ಹೋಗಬೇಕು, ಒಂದು ಮನೆಗೆ ಒಂದೇ ಸಲ. ಇದನ್ನ ಬಿಡಿಸೋದೇ ಕಷ್ಟ. ಅವರು ಇನ್ನೂ ಮುಂದೆ ಹೋಗಿ, ಕುದುರೆಯ ಹೆಜ್ಜೆಗೆ 1, 2, 3 ಅಂತ ಅಂಕಿ ಬರೆದ್ರೆ ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲು ಕೂಡಿದಾಗಲೂ 260 ಬರೋ ಹಾಗೆ ಕಟ್ಟಿದ್ರು. ಪೇಪರ್ ತಗೊಂಡು ಒಮ್ಮೆ ಪ್ರಯತ್ನಿಸಿ. ಮೊದಲ ಇಪ್ಪತ್ತು ಹೆಜ್ಜೆ ಸುಲಭ, ಆಮೇಲೆ ಮೂಲೆಯ ಒಂದು ಮನೆ ಉಳಿದುಬಿಡುತ್ತೆ.

ಅಧಿಕಾರ ವಾಪಸ್ ಕೊಡಿ ಅಂತ ಪತ್ರದ ಮೇಲೆ ಪತ್ರ ಬರೆದ್ರು. ದತ್ತುಮಗನಿಗೆ ಕೊಡ್ತೀವಿ ಅಂತ ಬ್ರಿಟಿಷರು ಒಪ್ಪಿದ್ದು ಅವರು ಸಾಯೋಕೆ ಸ್ವಲ್ಪ ಮುಂಚೆ. 1868ರಲ್ಲಿ ತೀರಿಕೊಂಡ್ರು. ಮೈಸೂರು ಒಡೆಯರ ಕೈಗೆ ವಾಪಸ್ ಬಂದಿದ್ದು 1881ರ ಮಾರ್ಚಿನಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟಿಷ್ ಇಂಡಿಯಾ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್ ಪಾಸ್ ಮಾಡ್ತು. ಇವತ್ತಿಗೂ ಬ್ಯಾಂಕಿನ ಚೆಕ್ ನಡೆಯೋದು ಆ ಕಾಯ್ದೆ ಮೇಲೇ. ಬೌನ್ಸ್ ಆದ್ರೆ ಜೈಲು ಅನ್ನೋ 138ನೇ ಸೆಕ್ಷನ್ ಮಾತ್ರ 1988ರಲ್ಲಿ ಸೇರಿಸಿದ್ದು, ಕಾಮರ್ಸ್‌ನೋರು ಗುರುತು ಹಾಕ್ಕೊಳ್ಳಿ.

ಮುಂದಿನ ಸರಣಿಗೆ 'ಬ್ಯಾಂಕ್' ಇಟ್ಕೊಂಡಿದೀನಿ. ಅದೂ ನೀವು ಕ್ಲಾಸಲ್ಲಿ ಕೂರೋ ಬೆಂಚೂ ಅಕ್ಕತಂಗಿ. ಅಷ್ಟರೊಳಗೆ ಕುದುರೆ ಯಾರದ್ದಾದ್ರೂ ಅರವತ್ತನಾಲ್ಕೂ ಮನೆ ಮುಗಿಸಿದ್ರೆ ಫೋಟೋ ಹಾಕಿ ಟ್ಯಾಗ್ ಮಾಡಿ. 260 ಬರದಿದ್ರೂ ಪರವಾಗಿಲ್ಲ.